ಈಳಿಗೆಮಣೆಗೆ ಕಾವಲು, ಲೋಟಕ್ಕೆ ನಾನು

ನಾನು ಹೋದ ಕಡೆ ಏನಾದರೊಂದು ಆಗುತ್ತೆ. ಮೈಸೂರಲ್ಲಿ ಬಸ್ ಕಂಡಕ್ಟರ್ ಆಗಿದ್ದಾಗಲೂ ಆಗ್ತಿತ್ತು. ಈಗ ಡಿಟ್ರಾಯಿಟ್ ಪಕ್ಕದಲ್ಲಿ ಮಗಳ ಮನೇಲಿದ್ದೀನಿ, ಎಪ್ಪತ್ತು ದಾಟಿದೆ, ಆದರೂ ನಿಂತಿಲ್ಲ. ಓದಿದ್ದು ಏಳನೇ ಕ್ಲಾಸು. ಈ ವರ್ಷ ಯೂನಿವರ್ಸಿಟಿಗೆ ಹೋದೆ. ಅಲ್ಲೂ ಆಯಿತು.

೧. ಸಾಮಾನಿನ ಜೊತೆ

ನನ್ನ ಹೆಂಡತಿ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಅವಳ ಅಡುಗೆ ಸಾಮಾನು ಕಪಾಟಲ್ಲಿ ಹಾಗೇ ಇತ್ತು. ಮಗಳು ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ.

ಒಂದು ಶನಿವಾರ ಮೊಮ್ಮಗಳು ರಟ್ಟಿನ ಡಬ್ಬ ಹಿಡ್ಕೊಂಡು ಬಂದಳು. ಅವಳು ಯೂನಿವರ್ಸಿಟೀಲಿ ನಾಟಕ ಓದ್ತಾಳೆ.

"ತಾತ, ನಮ್ಮ ಪ್ಲೇಲಿ ಇಂಡಿಯನ್ ಕಿಚನ್ ಇದೆ. ಅಜ್ಜಿ ಥಿಂಗ್ಸ್ ಬೇಕು. ಫಿಲ್ಟರ್, ಲೋಟ, ಈಳಿಗೆಮಣೆ. ಐ ಪ್ರಾಮಿಸ್, ವಾಪಸ್ ತರ್ತೀನಿ."

"ಸಾಮಾನು ಹೋದರೆ ನಾನೂ ಬರ್ತೀನಿ."

"ನೀವು ಬಂದು ಏನ್ ಮಾಡ್ತೀರಾ?"

"ಕಾಯ್ತೀನಿ."

ಮಗಳು ಒಳಗಿಂದ ಕೂಗಿದಳು. "ಅಪ್ಪಾ, ಹಟ ಮಾಡಬೇಡಿ. ಲೋಟ ತಾನೇ."

ಲೋಟ ಹೌದು. ಆದರೆ ಅವಳದ್ದು. ನನ್ನ ಕಣ್ಣ ಮುಂದೆ ಇರಬೇಕು. ಅಷ್ಟೇ.

ಅಲ್ಲಿ ಸುಮ್ಮನೆ ಬಂದು ಕೂರೋ ಹಾಗಿಲ್ಲವಂತೆ. ಪ್ರತಿಯೊಬ್ಬರಿಗೂ ಒಂದು ಕೆಲಸ, ಕೆಲಸಕ್ಕೊಂದು ಹೆಸರು ಇರಬೇಕಂತೆ. ಡೈರೆಕ್ಟರ್ ಮೇಡಂ ಯೋಚನೆ ಮಾಡಿ ನನ್ನ ಕುತ್ತಿಗೆಗೆ ಒಂದು ಕಾರ್ಡು ಹಾಕಿಸಿದರು. "ಪ್ರಾಪ್ಸ್" ಅಂತ. ನಟರು ಕೈಯಲ್ಲಿ ಹಿಡಿಯೋ ಸಾಮಾನೆಲ್ಲ ನೋಡ್ಕೊಳ್ಳೋ ಕೆಲಸ.

ಮಗಳು ಪಕ್ಕದೂರು ಡಿಯರ್‌ಬಾರ್ನ್‌ನಲ್ಲಿ ಇಂಜಿನಿಯರು. ಕಾರ್ಡು ತಿರುಗಿಸಿ ತಿರುಗಿಸಿ ನೋಡಿದಳು. "ನಾನು ಈ ದೇಶದಲ್ಲಿ ಒಂದು ಕೆಲಸಕ್ಕೆ ಎಷ್ಟು ಅಲೆದೆ. ಇವರಿಗೆ ಜಗಳ ಆಡಿದ್ದಕ್ಕೆ ಸಿಕ್ತು!"

೨. ಹೂಂ

ಆ ತಂಡದಲ್ಲಿ ಲೈಟಿನವನು ಲೈಟು ಮಾತ್ರ ಮುಟ್ಟಬೇಕು. ಬಟ್ಟೆಯವಳು ಬಟ್ಟೆ ಮಾತ್ರ. ಮೊದಲ ದಿನ ಸ್ಟೇಜ್ ಮೇಲೆ ಒಂದು ಕುರ್ಚಿ ಬಿದ್ದಿತ್ತು. ಎತ್ತಿ ನಿಲ್ಲಿಸಿದೆ. ಮೂರು ಮಕ್ಕಳು ಓಡಿಬಂದರು. ಅದು ಬಿದ್ದಿದ್ದಲ್ಲ, ಬೀಳಿಸಿದ್ದಂತೆ. ಫೋಟೋ ನೋಡಿಕೊಂಡು ಮತ್ತೆ ಹಾಗೇ ಬೀಳಿಸಿದರು.

ಇವರೆಲ್ಲರ ಮೇಲೆ ಸ್ಟೇಜ್ ಮ್ಯಾನೇಜರ್. ಅವಳು ಹೇಳಿದರೆ ಲೈಟು ಹತ್ತುತ್ತೆ, ಪರದೆ ಏಳುತ್ತೆ. ಶೋ ಶುರುವಾದರೆ ಡೈರೆಕ್ಟರ್ ಮೇಡಂ ಕೂಡ ಬಾಯಿ ಮುಚ್ಚಿ ಕೂರಬೇಕು. ಆ ಸ್ಟೇಜ್ ಮ್ಯಾನೇಜರ್ ನಮ್ಮ ಮೊಮ್ಮಗಳೇ. ಮನೇಲಿ ತಿಂದ ತಟ್ಟೆ ಎತ್ತಲ್ಲ.

ಅಲ್ಲೊಂದು ಪದ್ಧತಿ. ಅವಳು "ಫೈವ್ ಮಿನಿಟ್ಸ್" ಅಂತ ಕೂಗಿದರೆ ಎಲ್ಲರೂ "ಥ್ಯಾಂಕ್ ಯೂ, ಫೈವ್" ಅನ್ನಬೇಕು. ಕೇಳಿಸ್ತು ಅನ್ನೋದಕ್ಕೆ ಅದೇ ಗುರುತು. ಎಲ್ಲರೂ ಅಂದರು. ನಾನು "ಹೂಂ" ಅಂದೆ.

"ತಾತ, ಥ್ಯಾಂಕ್ ಯೂ ಫೈವ್ ಅನ್ನಿ."

"ನಾನು ಎತ್ತಿ ಆಡಿಸಿದ ಮಗು ನೀನು. ನಿನಗ್ಯಾಕೆ ಥ್ಯಾಂಕ್ಸು? ಹೂಂ ಅಂದೆನಲ್ಲ."

"ಹೂಂ ಡಸಂಟ್ ಕೌಂಟ್."

"ನಿಮ್ಮಜ್ಜಿಗೆ ಇಷ್ಟು ವರ್ಷ ಹೂಂ ಅಂತಲೇ ಅಂದಿದ್ದು. ಸಂಸಾರ ನಡೀಲಿಲ್ವಾ?"

"ಅದಕ್ಕೇ ಅಜ್ಜಿ ಎಲ್ಲಾನೂ ಮೂರ್‌ಮೂರ್ ಸಲ ಹೇಳ್ತಿದ್ರು!"

ನಾನು ಬಗ್ಗಲಿಲ್ಲ. ಅವಳೂ ಬಗ್ಗಲಿಲ್ಲ. ಒಂದು ವಾರ ಹೀಗೇ ನಡೀತು. ಆಮೇಲೆ ಒಂದು ದಿನ ಅವಳು "ಫೈವ್ ಮಿನಿಟ್ಸ್" ಅಂದಳು. ಆ ಅಮೆರಿಕನ್ ಮಕ್ಕಳೆಲ್ಲ ಒಟ್ಟಿಗೆ "ಹೂಂ" ಅಂದರು.

೩. ಆಯುಧ

ಈಳಿಗೆಮಣೆ ಮೇಜಿನ ಮೇಲೆ ಇಟ್ಟಿದ್ದೆ. ಸುರಕ್ಷತೆ ನೋಡ್ಕೊಳ್ಳೋ ಒಬ್ಬ ಎತ್ತರದ ಹುಡುಗ ಬಂದ. ನೋಡಿದ. ಎರಡು ಹೆಜ್ಜೆ ಹಿಂದೆ ಹೋದ.

"ಏನಿದು?"

"ತರಕಾರಿ ಹೆಚ್ಚೋದು."

"ಹಿಡಿ ಎಲ್ಲಿ?"

"ಹಿಡಿ ಇಲ್ಲ. ಕಾಲಲ್ಲಿ ಒತ್ತಿಕೊಂಡು ಕೂರೋದು. ಕತ್ತಿ ಅಲ್ಲೇ ಇರುತ್ತೆ. ತರಕಾರಿ ಬರುತ್ತೆ."

ಅವನು ಇನ್ನೂ ಒಂದು ಹೆಜ್ಜೆ ಹಿಂದೆ ಹೋದ. ನಾಟಕದಲ್ಲಿ ಹರಿತವಾದದ್ದು ಏನೇ ಇದ್ದರೂ ಆಯುಧ ಅಂತ ಲೆಕ್ಕವಂತೆ. ಕಬ್ಬಿಣದ ಪೆಟ್ಟಿಗೆಯಲ್ಲಿ ಡಮ್ಮಿ ಪಿಸ್ತೂಲು, ತಗಡಿನ ಖಡ್ಗದ ಪಕ್ಕ ಇಟ್ಟು ಬೀಗ ಹಾಕಿದ.

ನಾನು ಬಿಡಲಿಲ್ಲ. "ಬೀಗದ ಮುಂದೆ ನಾನು ಕೂರ್ತೀನಿ" ಅಂದೆ. ಕುರ್ಚಿ ಹಾಕ್ಕೊಂಡು ಕೂತೆ.

ಅವತ್ತಿಂದ ಅಡುಗೆ ಸೀನ್ ಬಂದಾಗೆಲ್ಲ ಅವನು ಬೀಗ ತೆಗೀತಿದ್ದ. ಎರಡು ಕೈಯಲ್ಲಿ ಈಳಿಗೆಮಣೆ ಹಿಡಿದು, ಮುಂದೊಬ್ಬಳು ದಾರಿ ಬಿಡಿಸುತ್ತಾ, "ಬ್ಲೇಡ್ ಬರ್ತಿದೆ!" ಅಂತ ಕೂಗುತ್ತಾ ಬರ್ತಿದ್ದ. ಎಲ್ಲರೂ ಗೋಡೆಗೆ ಒತ್ತಿ ನಿಲ್ತಿದ್ದರು. ಹಿಂದೆ ನಾನು. ದೇವರ ಉತ್ಸವ ಹೊರಟ ಹಾಗೆ.

ನನ್ನ ಹೆಂಡತಿ ಇದ್ದಿದ್ದರೆ ಇಷ್ಟೇ ಹೇಳ್ತಿದ್ದಳು. "ಇಷ್ಟು ಜನ ಬಂದಿದಾರಲ್ಲ, ಒಬ್ಬರಿಗೆ ಕಾಯಿ ತುರಿಯಕ್ಕೆ ಹೇಳಿ."

೪. ಕರಕೊಂಡು ಹೋಗಲು ಬಂದವನು

ಹೆಂಡತಿಯ ತಮ್ಮ ದೂರದ ಊರು ಶಾಮ್‌ಬರ್ಗ್‌ನಲ್ಲಿದ್ದಾನೆ. ಫೋನ್ ಮಾಡಿದ.

"ಭಾವ, ಅಕ್ಕ ಹೋಗಿ ವರ್ಷ ಆಗಿಲ್ಲ. ನಾಟಕ ಅಂತೆ! ಜನ ಏನಂತಾರೆ?"

"ಯಾವ ಜನ?"

"ನಮ್ ಜನ."

"ಹೆಸರು ಹೇಳು."

"ನಾನೇ ಬರ್ತೀನಿ. ನಿಮ್ಮನ್ನ ಇಲ್ಲಿಗೆ ಕರಕೊಂಡ್ ಬರ್ತೀನಿ" ಅಂದ.

ಬಂದ. ಮುನ್ನೂರು ಮೈಲಿ ಡ್ರೈವ್ ಮಾಡ್ಕೊಂಡು. ಮೊದಲ ಶೋ ದಿನ ಮಧ್ಯಾಹ್ನ ನೇರ ಸ್ಟೇಜ್ ಹಿಂದಕ್ಕೇ ನುಗ್ಗಿದ. "ಭಾವ, ನಡೀರಿ!"

"ನಾನು ಬರಲ್ಲ. ಅವಳ ಲೋಟ ಮೇಜಿನ ಮೇಲಿದೆ" ಅಂದೆ.

ಮೊಮ್ಮಗಳು ಕಿವಿಗೆ ಮೈಕು ಸಿಕ್ಕಿಸ್ಕೊಂಡು ಬಂದಳು. "ಶಾಮ್‌ಬರ್ಗ್ ತಾತ, ಆರ್ ಯೂ ಕ್ರೂ ಆರ್ ಆಡಿಯನ್ಸ್? ಎರಡರಲ್ಲಿ ಒಂದು ಆಗಿ. ಇಲ್ಲಾಂದ್ರೆ ಔಟ್."

ಅವನು ತಬ್ಬಿಬ್ಬಾದ. ಅಷ್ಟರಲ್ಲಿ ಯಾರೋ ಅವನ ಕೈಗೊಂದು ಟಾರ್ಚು ಕೊಟ್ಟರು. ಜನಕ್ಕೆ ಸೀಟು ತೋರಿಸೋನು ಒಬ್ಬ ಬಂದಿರಲಿಲ್ಲವಂತೆ.

ಶೋಗೆ ಮುಂಚೆ ಒಂದು ಸಲ ಬಾಗಿಲಿಂದ ಇಣುಕಿ ನೋಡಿದೆ. ನೆಂಟ ಟಾರ್ಚು ನನ್ನ ಮುಖಕ್ಕೇ ಬಿಟ್ಟ. "ಭಾವ, ಪಕ್ಕಕ್ಕೆ ಬನ್ನಿ. ದಾರಿಗೆ ಅಡ್ಡ ನಿಂತಿದೀರಿ."

೫. ಲೋಟ

ಶೋಗೆ ಎರಡು ದಿನ ಮುಂಚೆ ಡೈರೆಕ್ಟರ್ ಮೇಡಂ ಒಂದು ಬದಲಾವಣೆ ಮಾಡಿದ್ದರು. ಕೊನೆಯ ಸೀನಲ್ಲಿ ಹೆಂಡತಿ ಪಾತ್ರದವಳು ಗಂಡನ ಮುಂದೆ ಲೋಟ ಎತ್ತಿ ನೆಲಕ್ಕೆ ಅಪ್ಪಳಿಸಬೇಕು. ಆಮೇಲೆ ಮನೆ ಬಿಟ್ಟು ಹೋಗಬೇಕು.

"ಈ ಲೋಟ ಎಸೆಯೋ ಹಾಗಿಲ್ಲ" ಅಂದೆ.

ಇಂಡಿಯನ್ ಅಂಗಡಿಯಿಂದ ಹೊಸ ಲೋಟ ತಂದುಕೊಟ್ಟೆ. ತುಂಬಾ ಹೊಳೆಯುತ್ತೆ, ಬೇಡ ಅಂದರು. ಹಳೇದೇ ಬೇಕು, ಅದರ ಗೀರುಗಳು ಚೆನ್ನಾಗಿವೆ ಅಂದರು. ಅದು ಗೀರಲ್ಲ. ಪಾತ್ರೆ ಅಂಗಡಿಯವನು ಮೆಷಿನ್ನಲ್ಲಿ ಕೊರೆದ ನನ್ನವಳ ಹೆಸರು. ಮೊಮ್ಮಗಳಿಗೆ ಕನ್ನಡ ಓದಕ್ಕೆ ಬರಲ್ಲ. ಮೇಡಂಗೆ ಮೊದಲೇ ಬರಲ್ಲ. ನನ್ನನ್ನ ಯಾರೂ ಕೇಳಲಿಲ್ಲ.

ಮೊಮ್ಮಗಳು ಮೇಡಂ ಮಾತು ಕನ್ನಡಕ್ಕೆ ತಿರುಗಿಸಿದಳು. "ತಾತ, ಲೋಟ ಏನ್ ಮಾಡ್ಬೇಕು ಅಂತ ಹೇಳೋದು ಡೈರೆಕ್ಟರ್ ಕೆಲಸ. ಟೇಬಲ್ ಮೇಲೆ ರೆಡಿ ಇಡೋದು ನಿಮ್ ಕೆಲಸ. ಇಡಲ್ಲ ಅಂದ್ರೆ ಕಾರ್ಡ್ ವಾಪಸ್ ಕೊಡ್ಬೇಕಂತೆ."

"ರೆಡಿ ಇಡೋದು ನನ್ನ ಕೆಲಸ ತಾನೇ?"

"ಹೌದು."

"ಇಡ್ತೀನಿ."

ಶೋ ದಿನ ಇಟ್ಟೆ. ಅವಳ ಫಿಲ್ಟರಲ್ಲಿ ಡಿಕಾಕ್ಷನ್ ಇಳಿಸಿದೆ. ಹಾಲು ಕಾಯಿಸಿದೆ. ಲೋಟದ ತುಂಬಾ ನೊರೆ ಬರೋ ಹಾಗೆ ಕಾಫಿ ಬೆರೆಸಿದೆ. ಸುಡೋ ಬಿಸಿ ಅಲ್ಲ. ಕುಡಿಯೋ ಬಿಸಿ.

ಕೊನೆಯ ಸೀನ್ ಬಂತು. ಆ ಹುಡುಗಿ ಕಿರುಚಿದಳು, ಲೋಟ ಎತ್ತಿದಳು. ಕೈ ಅಲ್ಲೇ ನಿಂತಿತು. ಒಳಗೆ ನೋಡಿದಳು. ವಾಸನೆ ಮೊದಲ ಸಾಲಿಗೂ ಹೋಯಿತು. ಅಲ್ಲಿ ನಮ್ಮ ಬಡಾವಣೆಯ ಕನ್ನಡದ ಆಂಟಿಯರು ಕೂತಿದ್ದರು. ಒಬ್ಬರು ಜೋರಾಗಿ ಅಂದರು. "ಅಯ್ಯೋ, ಚೆಲ್ಲಬೇಡಮ್ಮಾ!"

ಅವಳು ಚೆಲ್ಲಲಿಲ್ಲ. ಕುಡಿದಳು. ನಿಧಾನವಾಗಿ, ಗಂಡನ ಮುಖಾನೇ ನೋಡ್ತಾ, ಪೂರ್ತಿ ಕುಡಿದಳು. ಲೋಟ ಮೆಲ್ಲಗೆ ಮೇಜಿನ ಮೇಲಿಟ್ಟಳು.

ಗಂಡನ ಪಾತ್ರದವನು ಲೋಟ ಬಿದ್ದ ಮೇಲೆ ಮಾತಾಡಬೇಕಿತ್ತು. ಬೀಳಲೇ ಇಲ್ಲ. ಬಾಯಿ ತೆರೆದು ನಿಂತ. ಕೊನೆಗೆ ಕೇಳಿದ. "ನನಗೆಲ್ಲಿ?"

ಅವಳು ಬಾಗಿಲು ಹಾಕ್ಕೊಂಡು ಹೋದಳು. ಜನ ಎದ್ದು ನಿಂತು ನಕ್ಕರು, ಚಪ್ಪಾಳೆ ಹೊಡೆದರು. ಟಾರ್ಚು ಹಿಡಿದಿದ್ದ ನೆಂಟನೂ ಹೊಡೆದ.

ಪರದೆ ಬಿದ್ದ ಮೇಲೆ ಮೇಡಂ ಹಿಂದಕ್ಕೆ ಬಂದರು. ಮುಖ ಕೆಂಪಗಿತ್ತು. "ಯಾರು ಕಾಫಿ ಹಾಕಿದ್ದು?"

"ಪ್ರಾಪ್ಸ್" ಅಂದೆ. ಕಾರ್ಡು ತೋರಿಸಿದೆ. ಕಿತ್ತುಕೊಳ್ಳಲಿ ಅಂತ ಕುತ್ತಿಗೆ ಮುಂದೆ ಮಾಡಿದೆ.

ಅವರು ಕಾರ್ಡು ಮುಟ್ಟಲಿಲ್ಲ. ಲೋಟದ ತಳ ನೋಡಿದರು. ಮೂಸಿದರು. "ನಾಳೆಯೂ ಹಾಗೇ ಇಡಿ. ಎಸೆಯೋದು ಬೇಡ" ಅಂದರು. ಆಮೇಲೆ ಮೆಲ್ಲಗೆ ಕೇಳಿದರು. "ಫಿಲ್ಟರಲ್ಲಿ ಇನ್ನೂ ಇದೆಯಾ?"

"ಇದೆ. ಆದರೆ ಲೋಟ ತೊಳೆಯೋದು ಯಾರ ಕೆಲಸ? ಮೊದಲು ಅದು ಹೇಳಿ."

ಮೊಮ್ಮಗಳು ಹಣೆ ಚಚ್ಚಿಕೊಂಡಳು. ಮೇಡಂ ತೋಳು ಮೇಲೆ ಮಾಡಿಕೊಂಡು ನಲ್ಲಿ ಹತ್ತಿರ ಹೋದರು. ತೊಳೆದರು. ಹೆಸರು ಇದ್ದ ಕಡೆ ಕಲೆ ಹೋಗಲಿಲ್ಲ ಅಂತ ಮತ್ತೆ ಮತ್ತೆ ಉಜ್ಜಿದರು.

"ಎಷ್ಟು ಉಜ್ಜಿದರೂ ಅದು ಹೋಗಲ್ಲ ಮೇಡಂ," ಅಂದೆ. "ಅದು ನನ್ನ ಹೆಂಡತಿ."