ಹಕಾರ ಬಿಟ್ಟ ಪಾಸ್‌ವರ್ಡ್

ಕೊಟ್ಟಿಗೆಯ ಕ್ಯಾಮೆರಾ ಬೆಳಬೆಳಿಗ್ಗೆಯೇ ಕತ್ತು ತಿರುಗಿಸಿ, "ಏನಣ್ಣ, ತಿಂಡಿ ಆಯ್ತಾ?" ಅಂತ ಕೇಳಿತು.

ಸಗಣಿ ಬಾಚುತ್ತಿದ್ದ ಬೈರೇಶ ಮರ್ಯಾದಸ್ಥ. "ಇನ್ನೂ ಇಲ್ಲ ಕಣಪ್ಪ" ಅಂದ. ಅಂದ ಮೇಲೆ ತಿರುಗಿ ನೋಡಿದ. ಕೊಟ್ಟಿಗೆಯಲ್ಲಿ ಅವನೂ ಹಸುವೂ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಕೈಯಲ್ಲಿದ್ದ ಪೊರಕೆ ಬಿದ್ದುಹೋಯಿತು.

ಬೂದಿಕೋಟೆಯ ಬೈರೇಶನಿಗೆ ಕೆಲಸ ಉರಿಗಾಂನ ಪಂಪ್‌ಸೆಟ್ ಅಂಗಡಿಯಲ್ಲಿ. ಹೋದ ಸಲ ಅವನು ಕೆಲಸಕ್ಕೆ ಹೋಗಿದ್ದಾಗ ಹಸು ಈಯಲು ಶುರುಮಾಡಿ, ನೋಡುವವರಿಲ್ಲದೆ ಕರು ಉಸಿರುಕಟ್ಟಿ ಸತ್ತಿತ್ತು. ಆ ಸಂಕಟ ಅವನ ಹೊಟ್ಟೆಯಿಂದ ಇನ್ನೂ ಹೋಗಿರಲಿಲ್ಲ. ಈ ಸಲ ಹಾಗಾಗಬಾರದೆಂದೇ ಫೋನಿನಲ್ಲಿ ನೋಡಬಹುದಾದ, ಅಲ್ಲಿಂದಲೇ ಮಾತೂ ಆಡಬಹುದಾದ ಕ್ಯಾಮೆರಾ ಹಾಕಿಸಿದ್ದ. ಹಸುವಿಗೆ ದಿನ ತುಂಬಿತ್ತು, ಇವತ್ತೋ ನಾಳೆಯೋ ಅನ್ನುವಂತಿತ್ತು. ಇಂಥಾ ಹೊತ್ತಿನಲ್ಲಿ ಕ್ಯಾಮೆರಾಗೆ ತಾನಾಗಿಯೇ ಬಾಯಿ ಬಂದಿತ್ತು.

ಪಕ್ಕದ ಮನೆಯ ಅಕ್ಕಯ್ಯಮ್ಮ ಕರೆಯದೆಯೇ ಬಂದು ತೀರ್ಪು ಕೊಟ್ಟಳು. "ಗಾಳಿ ಕಣ್ಲಾ ಇದು! ಒಂದು ನಿಂಬೆಅಣ್ಣು ಕಟ್ಟು."

ಕಟ್ಟಿದ್ದೂ ಆಯಿತು. ನಿಂಬೆಹಣ್ಣು ಸರಿಯಾಗಿ ಕ್ಯಾಮೆರಾದ ಕಣ್ಣಿಗೇ ಅಡ್ಡ ಬಂತು. ಹೆಂಡತಿ ಅರುಣಕುಮಾರಿ ಅದನ್ನು ಪಕ್ಕಕ್ಕೆ ಸರಿಸಿ ಗಂಡನನ್ನು ಬಸ್ಸಿಗೆ ಓಡಿಸಿದಳು.

ಬಂಗಾರಪೇಟೆ ಬಸ್ಸಿನಿಂದಲೇ ಬೈರೇಶ ಸುಕನ್ಯಳಿಗೆ ಫೋನ್ ಮಾಡಿದ. ಬಂಗಾರಪೇಟೆ ಬಜಾರಿನಲ್ಲಿ ಮೊಬೈಲ್ ಅಂಗಡಿ ಇಟ್ಟು ಈ ಕ್ಯಾಮೆರಾ ಹಾಕಿಕೊಟ್ಟವಳು ಅವಳೇ. ಕನ್ನಡ ಮೇಷ್ಟರ ಮಗಳು.

"ಯಾರೋ ಹ್ಯಾಕ್ ಮಾಡಿದ್ದಾರೆ ಅಣ್ಣ. ಡಬ್ಬಿ ಮೇಲಿದ್ದ ಪಾಸ್‌ವರ್ಡ್ ಬದಲಾಯಿಸಿ ಅಂತ ಬಡ್ಕೊಂಡೆ, ಕೇಳಿದ್ರಾ? ಇರಲಿ, ನನ್ನ ಅಂಗಡಿ ಫೋನಿಂದಲೇ ಬದಲಾಯಿಸ್ತೀನಿ. ಏನಂತ ಇಡಲಿ?"

"ಅಸು!"

"ಕೇಳಿಸ್ತಿಲ್ಲ ಅಣ್ಣ."

"ಅಸು ಕಣಮ್ಮ, ಅಸು! ಕೊಟ್ಗೇಲಿರೋ ಅಸು!"

ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರ್, "ಅಸುಗೆ ಟಿಕೆಟ್ ಇಲ್ಲ, ಮೆತ್ತಗೆ ಮಾತಾಡಪ್ಪ" ಅಂದ.

ಬಸ್ಸಿಗೆಲ್ಲ ಗುಟ್ಟು ರಟ್ಟಾಯಿತಲ್ಲ ಅಂತ ಉರಿಗಾಂ ತಲುಪುವವರೆಗೂ ಬೈರೇಶ ಸುತ್ತಲಿನವರನ್ನು ತಿರುಗಿ ತಿರುಗಿ ನೋಡಿದ. ಅಂಗಡಿಯ ಜೊತೆಗಾರ ಸುಧಾಕರ್ ಸಮಾಧಾನ ಮಾಡಿದ. "ತಾಳು ಮಚ್ಚಾ, ನಾನೇ ಕಳ್ಳ ಆಗಿ ನೋಡ್ತೀನಿ." ತನ್ನ ಫೋನಿನಲ್ಲಿ ಆ್ಯಪ್ ಹಾಕಿಕೊಂಡು ಎ, ಎಸ್, ಯು ಒತ್ತಿದ. ತೆರೆಯಲಿಲ್ಲ.

"ನೋಡ್ದಾ, ಎಷ್ಟು ಭದ್ರವಾಗೈತೆ!" ಬೈರೇಶ ಹಿಗ್ಗಿದ. ಆಮೇಲೆ ತನ್ನ ಫೋನಿನಲ್ಲಿ ಅದನ್ನೇ ಒತ್ತಿದ. ಅಲ್ಲೂ ತೆರೆಯಲಿಲ್ಲ. ಮತ್ತೆ ಒತ್ತಿದ, ಕುಟ್ಟಿದ. ಕೊನೆಗೆ ಫೋನು ಬೇಸತ್ತು, ಸ್ವಲ್ಪ ಹೊತ್ತು ಬಿಟ್ಟು ಬಾ ಅಂದುಬಿಟ್ಟಿತು. ಹೆಂಡತಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಸುಕನ್ಯಳದು ಬಿಜಿ. ಹೋದ ಸಲದ ಕರು ಕಣ್ಣಮುಂದೆ ಬಂದು ನಿಂತಿತು.

"ಸಾವ್ಕಾರ್ ಕೇಳಿದ್ರೆ ಒಟ್ಟೆನೋವು ಅಂತ ಏಳು!" ಅಂತ ಸುಧಾಕರನಿಗೆ ಹೇಳಿ ಬೈರೇಶ ಎದ್ದ.

"ಓಡು ಮಚ್ಚಾ, ಸೀಕ್ರಂ!" ಅಂತ ಸುಧಾಕರ್ ತಮಿಳಿನಲ್ಲೇ ಅವಸರಪಡಿಸಿದ.

ಸುಕನ್ಯಳ ಅಂಗಡಿಗೆ ಬಂದಾಗ ಬೈರೇಶನಿಗೆ ಏದುಸಿರು. ಅವಳು ಕೇಳಿದ್ದು ಒಂದೇ ಮಾತು. "ಎಚ್ ಹಾಕಿದ್ರಾ?"

"ಯಾವ ಎಚ್ಚಮ್ಮ?"

"ಹಸು ಅಂದ್ರಲ್ಲ ಅಣ್ಣ. ಹ, ಸು."

"ನಾನೆಲ್ಲಿ ಅಂಗಂದೆ? ಸರಿಯಾಗೇ ಏಳಿದ್ನಲ್ಲ, ಅಸು ಅಂತ!"

ಸುಕನ್ಯ ಹಣೆ ಚಚ್ಚಿಕೊಂಡಳು. ನಮ್ಮ ಕಡೆ ಹಕಾರ ಇರುವುದು ಬೋರ್ಡಿನ ಮೇಲೆ ಬರೆಯುವುದಕ್ಕೆ. ಅದನ್ನು ಬಾಯಿಗೆ ತಂದು ಸವೆಸುವವರು ಯಾರು? ಅವಳು ತನ್ನ ಫೋನಿನಲ್ಲಿ ಎಚ್ ಸೇರಿಸಿ ಒತ್ತಿದಳು, ಕೊಟ್ಟಿಗೆ ಕಾಣಿಸಿತು. ಕರು ನಡುಗುವ ಕಾಲಿನ ಮೇಲೆ ಎದ್ದು ನಿಲ್ಲುತ್ತಿತ್ತು, ಹಸು ಅದರ ಮೈ ನೆಕ್ಕುತ್ತಿತ್ತು. "ಬದುಕೈತೆ ಕಣಮ್ಮ! ಬದುಕೈತೆ!" ಅಂತ ಬೈರೇಶ ಬಜಾರಿನ ನಡುವೆಯೇ ಅತ್ತುಬಿಟ್ಟ.

ಮನೆಗೆ ಬಂದರೆ ಅರ್ಧ ಬೀದಿ ಕೊಟ್ಟಿಗೆಯಲ್ಲಿತ್ತು. ಅರುಣಕುಮಾರಿಯ ಮುಖ ಅರಳಿತ್ತು. "ಕರೂದು ಒಂದೇ ಕಾಲು ಈಚೆ ಬಂದಿತ್ತು ಕಣ್ರೀ. ನಾನು ಇತ್ತಲಲ್ಲಿ ಬಟ್ಟೆ ಒಗೀತಿದ್ದೆ. ನೀವು ಕೂಗದೆ ಓಗಿದ್ರೆ ಇದೂ ಸಾಯ್ತಿತ್ತು."

"ನಾನೆಲ್ಲಿ ಕೂಗಿದೆ?"

"ಮತ್ತೆ? 'ಅಮ್ಮಾ, ಹಸು ಕರು ಹಾಕ್ತಾ ಇದೆ, ಓಡಿ ಬನ್ನಿ' ಅಂತ ಕ್ಯಾಮೆರಾ ಕೂಗ್ತಲ್ಲ! ಕಟ್ಕೊಂಡೋಳ್ನ ಅಮ್ಮಾ ಅಂದಾಗ್ಲೇ ಡೌಟು ಬಂತು. ಅದ್ರಲ್ಲೂ ಹಸು ಅಂತ ಅಷ್ಟು ನೆಟ್ಟಗೆ ಅಂದ್ರಲ್ಲ."

ಬೈರೇಶನಿಗೆ ಈಗ ಹೊಳೆಯಿತು. ಹೊಸ ಪಾಸ್‌ವರ್ಡ್ ಮನೆ ಯಜಮಾನನಿಗಿಂತ ಮೊದಲು ಕಳ್ಳನಿಗೆ ಸಿಕ್ಕಿತ್ತು. ಕೊಟ್ಟಿಗೆಗೆ ಹಸು ಅಂತ ಇಟ್ಟರೆ ಯಾರಿಗೆ ತಾನೇ ಗೊತ್ತಾಗುವುದಿಲ್ಲ? ಮೈಯೆಲ್ಲ ಉರಿದು, ಕ್ಯಾಮೆರಾದ ವೈರ್‌ಗೆ ಕೈ ಹಾಕಿದ.

ಅಕ್ಕಯ್ಯಮ್ಮ ಅವನ ರಟ್ಟೆ ಹಿಡಿದು ಎಳೆದಳು. "ಅದನ್ನ ಮುಟ್ಟಿದ್ರೆ ನೋಡ್ಲಾ! ನಮ್ಮೆಮ್ಮೆಗೂ ದಿನ ತುಂಬೈತೆ, ಸಂಜೇನೇ ತಂದು ಇಲ್ಲೇ ಕಟ್ತೀನಿ."

"ಇವನ್ಯಾರೋ ಕಳ್ಳ ಕಣಮ್ಮೋ! ನಮ್ಮನೆ ಎಲ್ಲಾ ನೋಡ್ತವ್ನೆ!"

ಆಗ ಕ್ಯಾಮೆರಾ ಮೆಲ್ಲಗೆ ಕತ್ತು ತಿರುಗಿಸಿತು. "ಜಗಳ ಆಮೇಲೆ ಆಡಿ ಅಣ್ಣ. ಮೊದಲು ಕರುವಿಗೆ ಗಿಣ್ಣುಹಾಲು ಕುಡಿಸಿ."

ಅರುಣಕುಮಾರಿ ಸೆರಗು ಸರಿಮಾಡಿಕೊಂಡಳು. "ನಿಂತ್ಕೊಂಡು ಏನ್ ನೋಡ್ತೀರ? ಅವ್ರು ಏಳ್ದಂಗೆ ಮಾಡ್ರೀ."

ಬೈರೇಶ ಕರುವನ್ನು ಕೆಚ್ಚಲಿಗೆ ಹಿಡಿದ.

"ಅಲ್ಲ ಅಣ್ಣ," ಅಂದಿತು ಕ್ಯಾಮೆರಾ, "ಈ ಕಡೆಯಿಂದ ಹಿಡೀರಿ. ಅಲ್ಲಿ ನಿಂತರೆ ನನಗೆ ಕಾಣಿಸಲ್ಲ."