ಐದು ತುಂಬಿದ ಅನ್ನಪೂರ್ಣಾಳ ಬ್ಯಾನರು

ತಾಪತ್ರಯ ಶುರುವಾದದ್ದು ಅನ್ನಪೂರ್ಣಾ ಹಲ್ಲುಜ್ಜುತ್ತಾ ಕೇಳಿದ ಒಂದೇ ಒಂದು ಪ್ರಶ್ನೆಯಿಂದ.

“ಅಪ್ಪಾ, ಇವತ್ತ ನನ್ನ ಬರ್ತಡೇ ಹೌದಿಲ್ಲೋ? ಮತ್ತ ಬಸ್ ಸ್ಟ್ಯಾಂಡಿನ್ಯಾಗ ನನ್ನ ಬ್ಯಾನರ್ ಯಾಕ ಇಲ್ಲ?”

ಕಳಕೇಶ ಮಗ್ಗದ ಗುಂಡಿಯಿಂದ ತಲೆ ಎತ್ತಿದ. ಪ್ರಶ್ನೆ ನ್ಯಾಯವಾಗಿಯೇ ಇತ್ತು. ಗಜೇಂದ್ರಗಡದಲ್ಲಿ ಹುಟ್ಟುಹಬ್ಬ ಅಂದರೆ ಕೇಕಲ್ಲ, ಬ್ಯಾನರು. ನಡುವೆ ಹುಟ್ಟಿದವರ ದೊಡ್ಡ ಮುಖ, ಕೆಳಗೆ ‘ಶುಭ ಕೋರುವವರು’ ಅಂತ ಓಣಿಯವರ ಸಾಲು ಸಾಲು ಮುಖ. ಹೋದ ವಾರ ಯಾರದೋ ಎತ್ತಿನ ಬರ್ತಡೇಗೂ ಬ್ಯಾನರು ಎದ್ದಿತ್ತು. ಎತ್ತಿಗೆ ಕೂಲಿಂಗ್ ಗ್ಲಾಸು ಬೇರೆ.

ಅವನು ಮಗಳನ್ನೇ ನೋಡಿದ. ಹುಟ್ಟಿದಾಗ ಲಾಳಿಯಷ್ಟೇ ಇದ್ದ ಕೂಸು. ನರ್ಸಮ್ಮ ಕೈಗೆ ಕೊಟ್ಟಾಗ ಎಲ್ಲಿ ಹಾರಿಹೋಗುತ್ತದೋ ಎಂದು ಉಸಿರು ಬಿಡಲೂ ಹೆದರಿದ್ದ. ಈಗ ಅದೇ ಕೂಸು ಸೊಂಟದ ಮೇಲೆ ಕೈ ಇಟ್ಟುಕೊಂಡು, ಬಾಯ್ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಜವಾಬು ಕೇಳುತ್ತಿದೆ! ಕಳಕೇಶನ ಎದೆ ಉಬ್ಬಿತು. ಎದೆ ಉಬ್ಬಿದಾಗ ಅವನ ಬಾಯಿಂದ ಮಾತು ಬರುವುದಿಲ್ಲ, ಡೈಲಾಗ್ ಬರುತ್ತದೆ.

“ಮಗಳ! ಹೊತ್ತು ಮುಳುಗೂದ್ರೊಳಗ ಈ ಊರಿಗೂರ ನಿನ್ನ ಮುಖಾ ನೋಡತದ. ಇದು ಬರೇ ಮಾತಲ್ಲ, ನಿಮ್ಮಪ್ಪ ಮಾಡಿದ ಗುದ್ದಲಿಪೂಜಿ!”

“ಮೊದ್ಲ ಅಂಗಿ ಹಾಕ್ಕೋರಿ,” ಎಂದಳು ಹೆಂಡತಿ ಅನಿತಾ ಅಡುಗೆಮನೆಯಿಂದ. “ಹರಕ ಬನಿಯನ್ನಿನ್ಯಾಗ ಯಾವ ಹೀರೋನೂ ಎಂಟ್ರಿ ಕೊಡಂಗಿಲ್ಲ.”

ಹೊಸ ಹಳದಿ ಫ್ರಾಕು ತೊಡಿಸಿ ಮಗಳ ಫೋಟೋ ತೆಗೆದದ್ದಾಯಿತು. ಗೋಡೆಗೆ ನಿಲ್ಲಿಸಿ ಎತ್ತರ ಅಳೆದದ್ದೂ ಆಯಿತು. ಮೂರು ಅಡಿ ನಾಲ್ಕು ಇಂಚು! ಯುಗಾದಿಯಿಂದ ಈಚೆಗೆ ಎರಡು ಬೆರಳು ಬೆಳೆದಿದ್ದಾಳೆ. ಕಳಕೇಶ ಬಸ್ ಸ್ಟ್ಯಾಂಡಿನ ಹತ್ತಿರದ ನವಾಜನ ಬ್ಯಾನರ್ ಅಂಗಡಿಗೆ ಹೋದದ್ದು ನಡೆದುಕೊಂಡಲ್ಲ, ಸ್ಲೋ ಮೋಷನ್ನಿನಲ್ಲಿ.

“ಮುಖಾ ಭಾರಿ ಬಂದೈತಿ ಕಳಕೇಶಣ್ಣಾ,” ಎಂದ ನವಾಜ ಕಂಪ್ಯೂಟರಿನಲ್ಲಿ ಫೋಟೋ ಎಳೆಯುತ್ತಾ. “ಕೆಳಗ ಶುಭಾ ಕೋರಾವ್ರು ಯಾರು?”

ಆ ಪ್ರಶ್ನೆ ಅಂಗಡಿಯ ಬಾಗಿಲು ದಾಟಿ ಪಕ್ಕದ ಚಾದಂಗಡಿಗೆ ಕೇಳಿಸಿತು. ಅಲ್ಲಿ ಓಣಿಯ ಹಿರಿಯ ಹೂವಪ್ಪ ಚಾ ಕುಡಿಯುತ್ತಿದ್ದ. ಕಪ್ಪು ಸಮೇತ ಎದ್ದು ಬಂದ.

“ಯಾರು ಅಂತ ಕೇಳತಿಯಲ್ಲೋ ನವಾಜ! ಅನ್ನಿ ಹುಟ್ಟೂ ದಿವಸ ದವಾಖಾನಿಗೆ ಗಾಡಿ ತಂದಾವ ಯಾರು? ನಾನು. ಹಾಕು ನನ್ನ ಫೋಟೋ.”

ಸುಳ್ಳಲ್ಲ. ತಂದಿದ್ದ. ಕಳಕೇಶ ಹೂಂ ಎಂದ.

ಹೂವಪ್ಪ ಆ ಸಂತೋಷವನ್ನು ಓಣಿಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ. ಹತ್ತು ನಿಮಿಷದಲ್ಲಿ ಅಡಿವೆವ್ವ ಕೋಲೂರುತ್ತಾ ಹಾಜರು.

“ಲೇ ಕಳಕ್ಯಾ, ಮೂರು ತಿಂಗಳು ಆ ಕೂಸಿಗೆ ಎಣ್ಣಿ ಹಚ್ಚಿ ಎರದಾಕಿ ನಾನು. ನಾ ಜಗ್ಗಿ ತಿಕ್ಕಿದ್ದಕ್ಕ ಅದರ ಮೂಗು ಇಷ್ಟರ ನೆಟ್ಟಗ ಐತಿ. ಇಲ್ಲಾಂದ್ರ ನಿನ್ನ ಮೂಗಿನಂಗ ಆಗತಿತ್ತು. ನನ್ನ ಬಿಟ್ಟು ಬ್ಯಾನರ್ ಹಾಕ್ತಿ?”

“ಫೋಟೋ ಐತೇನ ಆಯಿ?” ಎಂದ ನವಾಜ.

ಅಡಿವೆವ್ವ ಕುಪ್ಪಸದಿಂದ ಆಧಾರ್ ಕಾರ್ಡು ತೆಗೆದಳು. ಅದರಲ್ಲಿನ ಮುಖ ಅಡಿವೆವ್ವನದೋ ಅಥವಾ ಹಿಂದಿನ ಗೋಡೆಯದೋ ಎಂದು ನವಾಜನಿಗೂ ತಿಳಿಯಲಿಲ್ಲ.

ಬೆನ್ನಿಗೇ ನಬೀಸಾಬ. “ನೆಪ್ಪೈತಿಲ್ಲೋ ಬೇಟಾ? ನನ್ನ ಆಡಿನ ಬಾಲಾ ಹಿಡಕೊಂಡ ಅನ್ನಿ ನಡಿಯಾಕ ಕಲತಾಳ.”

“ನೆಪ್ಪೈತಿ ಚಾಚಾ. ನಿಮ್ಮ ಫೋಟೋನೂ ಹಾಕಸ್ತೀನಿ.”

“ನಂದಷ್ಟ ಹಾಕಿದ್ರ ಹ್ಯಾಂಗ? ಆಡಿಂದೂ ಹಾಕು. ಪಾಪ, ಬಾಲಾ ಅದರದಲ್ಲ?”

ಎಲ್ಲವೂ ಖರೆಯೇ. ಒಬ್ಬರು ಮೊದಲ ಹಲ್ಲು ಕಂಡವರು, ಒಬ್ಬರು ಗುಟುಕು ಹಾಲು ಕೊಟ್ಟವರು, ಒಬ್ಬರು ‘ಅಪ್ಪ’ ಅನ್ನಲು ಕಲಿಸಿದವರು. ಐದು ವರ್ಷ ತಾನೊಬ್ಬನೇ ಮಗಳನ್ನು ಬೆಳೆಸಿದೆ ಎಂದುಕೊಂಡಿದ್ದ ಕಳಕೇಶನಿಗೆ, ಮಧ್ಯಾಹ್ನದ ಹೊತ್ತಿಗೆ ತಾನು ಸೈಡ್ ಆ್ಯಕ್ಟರ್ ಇರಬಹುದೇ ಎಂದು ಅನುಮಾನ ಬಂತು. ಯಾರಿಗೆ ಬೇಡ ಅನ್ನುವುದು?

ಹದಿನಾಲ್ಕು ಮುಖಗಳಾದವು, ಆಡು ಸೇರಿ. ಮೇಲಿನ ಸಾಲಿನಲ್ಲಿ ಯಾರು ಅಂತ ಜಗಳ ಹತ್ತಿತು. ಆಡು ತನಗಿಂತ ಮೇಲಿದೆ ಎಂದು ಹೂವಪ್ಪ ಕಪ್ಪು ಕುಕ್ಕಿದ. ಪರದೆಯ ಮೇಲೆ ಒಬ್ಬೊಬ್ಬರು ದೊಡ್ಡವರಾದ ಹಾಗೆ ಅನ್ನಪೂರ್ಣಾ ಸಣ್ಣವಳಾಗುತ್ತಾ ಹೋದಳು. ರೊಟ್ಟಿಯಷ್ಟಿದ್ದ ಮುಖ ಹೋಳಿಗೆಯಷ್ಟಾಯಿತು, ಹೋಳಿಗೆಯಷ್ಟಿದ್ದದ್ದು ಶಂಕರಪೋಳಿಯಷ್ಟಾಯಿತು. ಕೊನೆಗೆ ನವಾಜ ಕೇಳಿದ:

“ಅಣ್ಣಾ, ಮಗಳನ್ನ ಆಡಿನ ಕೊಂಬಿನ ನಡುವ ಇಡ್ಲೇನು? ಅಲ್ಲೊಂದೀಟು ಜಾಗಾ ಐತಿ.”

ಕಳಕೇಶನ ತಲೆಯೊಳಗೆ ಇಂಟರ್ವಲ್ ಗಂಟೆ ಹೊಡೆಯಿತು.

“ನಿಂದ್ರಸು!” ಎಂದು ಟೇಬಲ್ಲಿಗೆ ಹೊಡೆದ. ಮೌಸು ಕೆಳಗೆ ಬಿತ್ತು. “ಈ ಪಿಚ್ಚರಿನ್ಯಾಗ ಹೀರೋಯಿನ್ ಒಬ್ಬಾಕಿನ! ಉಳದಾವ್ರೆಲ್ಲಾ ತೆಗಿ! ಕಾಕಾನ್ನ, ಆಯಿನ್ನ, ಆಡನ್ನ, ಎಲ್ಲಾರನ್ನೂ!”

ಓಣಿ ಮುಖ ಊದಿಸಿಕೊಂಡು ಹೊರನಡೆಯಿತು. ಅಡಿವೆವ್ವ ಆಧಾರ್ ಕಾರ್ಡು ಕಿತ್ತುಕೊಂಡೇ ಹೋದಳು.

“ಮತ್ತ ‘ಹುಟ್ಟುಹಬ್ಬದ ಶುಭಾಶಯ’ ಅಂತ ಬರದ್ರ ಕೋರಾವ್ರ ಹೆಸರು ಬೇಕಲ್ಲಣ್ಣಾ,” ಎಂದ ನವಾಜ. “ಒಬ್ಬರದು ಹಾಕಿದ್ರ ಉಳದಾವ್ರು ನನ್ನ ಅಂಗಡಿಗೆ ಕಲ್ಲು ಒಗಿತಾರ.”

“ಶುಭಾಶಯಾನೂ ತೆಗಿ! ಮಗಳ ಹೆಸರು ಹಾಕು. ಐದು ವರ್ಷ ಅಂತ ಹಾಕು. ಮೂರು ಅಡಿ ನಾಲ್ಕು ಇಂಚು, ಅದನ್ನ ಮರೀಬ್ಯಾಡ. ಕೆಳಗ ನನ್ನ ಫೋನ್ ನಂಬರ್. ಶುಭಾ ಕೋರಾವ್ರು ಸೀದಾ ಫೋನ್ ಮಾಡ್ಲಿ.”

ನಾಲ್ಕು ಗಂಟೆಗೆ ಬ್ಯಾನರು ಬಸ್ ಸ್ಟ್ಯಾಂಡಿನಲ್ಲಿ ಎದ್ದಿತು. ಎತ್ತಿನ ಬ್ಯಾನರಿಗಿಂತ ಒಂದು ಮೊಳ ದೊಡ್ಡದು. ಕಳಕೇಶ ಮಗಳನ್ನು ಕರೆತರಲು ಮನೆಗೆ ಓಡಿದ. ದಾರಿಯಲ್ಲೇ ಫೋನು ಬಂತು.

“ಅನ್ನಪೂರ್ಣಾನ ತಂದಿ ಏನ್ರಿ? ನಾವು ನರೇಗಲ್ ಬಸ್ಸಿನ್ಯಾಗಿಂದ ಮಾತಾಡ್ತೀವ್ರಿ. ಧೈರ್ಯಾ ಬಿಡಬ್ಯಾಡ್ರಿ.”

“ಥ್ಯಾಂಕ್ಸ್ರಿ!” ಎಂದ ಕಳಕೇಶ. ಹೆಣ್ಣು ಮಗಳು ಬೆಳೆಯುತ್ತಿದ್ದರೆ ಅಪ್ಪನಿಗೆ ಧೈರ್ಯ ಬೇಕೇ ಬೇಕು, ಎಷ್ಟು ತಿಳಿದ ಜನ!

ಇನ್ನೊಂದು ಫೋನು. ಹೆಂಗಸಿನ ದನಿ, ಮೂಗು ಸೊರಸೊರ. “ಅಣ್ಣಾರ, ಕಡೀಕ ಅಕಿನ್ನ ಯಾವಾಗ ನೋಡಿದ್ರಿ?”

“ಮುಂಜಾನಿ ನೋಡೀನ್ರಿ. ಉಪ್ಪಿಟ್ಟು ತಿನ್ನಾಕತ್ತಿದ್ಲು.”

“ಅಯ್ಯೋ ಶಿವನ!” ಎಂದು ಆಕೆ ಅಳತೊಡಗಿದಳು. ಉಪ್ಪಿಟ್ಟು ಅಂದರೆ ಕೆಲವರಿಗೆ ಆಗಿಬರುವುದಿಲ್ಲ ಎಂದುಕೊಂಡು ಕಳಕೇಶ ಫೋನು ಇಟ್ಟ.

ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಅನ್ನಪೂರ್ಣಾ ತನ್ನ ಮುಖ ನೋಡಿ ಅಪ್ಪನ ಕೂದಲು ಎರಡೂ ಕೈಯಿಂದ ಜಗ್ಗಿದಳು. “ಅಪ್ಪಾ! ನಾನು! ನಾ ಎಷ್ಟ ದೊಡ್ಡಾಕಿ ಆಗೇನಿ!” ಕಳಕೇಶನ ಕಣ್ಣು ತುಂಬಿದವು. ಕೂದಲು ಜಗ್ಗಿದ್ದಕ್ಕೆ ಅರ್ಧ, ಸಂತೋಷಕ್ಕೆ ಅರ್ಧ.

ಅಷ್ಟರಲ್ಲಿ ಅವನ ಕಾಲರಿಗೆ ಒಂದು ಕೈ ಬಿತ್ತು.

“ಸಿಕ್ಕಳೋ! ಕಳದ ಹುಡುಗಿ ಸಿಕ್ಕಳೋ!”

ಯಾವಗಲ್ ಊರಿನಿಂದ ಪೇರಲಹಣ್ಣು ಮಾರಲು ಬಂದಿದ್ದ ಯಮನೂರಸಾಬ. ಕಂಡಕ್ಟರನೊಬ್ಬ ಸೀಟಿ ಊದಿದ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮೂರು ಬಸ್ಸಿನ ಜನ ಇಳಿದು ಸುತ್ತುವರಿದರು.

“ಅದ ಮುಖಾ! ಅದ ಹಳದಿ ಫ್ರಾಕು! ಅಳತಿನೂ ಸರಿ ಹೊಂದತೈತಿ! ಕಳ್ಳ ಎಷ್ಟ ಧೈರ್ಯದ ಮ್ಯಾಲ ಹೊತಗೊಂಡ ಹೊಂಟಾನ ನೋಡ್ರಿ!”

“ನಾ ಕಳ್ಳ ಅಲ್ರಿ! ನಾ ಇಕಿ ಅಪ್ಪ!”

“ಹೌದ್ರಿ, ನಮ್ಮಪ್ಪ,” ಎಂದಳು ಅನ್ನಪೂರ್ಣಾ.

“ಪಾಪ, ಕೂಸಿಗೆ ಎಷ್ಟ ಹೆದರಿಸ್ಯಾನ!” ಎಂದು ಜನ ಲೊಚಗುಟ್ಟಿದರು.

“ಇರ್ರಿ, ಖರೇ ಅಪ್ಪಗ ಫೋನ್ ಹಚ್ಚತೀನಿ,” ಎಂದು ಯಮನೂರಸಾಬ ಬ್ಯಾನರು ನೋಡಿ ನಂಬರು ಒತ್ತಿದ. ಕಳಕೇಶನ ಜೇಬು ಗಣಗಣ ಎಂದಿತು.

“ಯಪ್ಪಾ! ಅವರಪ್ಪನ ಫೋನನೂ ಕದ್ದಾನ!”

ನವಾಜ ಸಾಕ್ಷಿ ಹೇಳಲು ಇರಲಿಲ್ಲ, ನಮಾಜಿಗೆ ಹೋಗಿದ್ದ. ಅದೃಷ್ಟಕ್ಕೆ ಗದ್ದಲ ಕೇಳಿ ಹೂವಪ್ಪ, ಅಡಿವೆವ್ವ, ನಬೀಸಾಬ ಬಂದರು.

“ಕಾಕಾ! ನಾ ಯಾರಂತ ಇವರಿಗೆ ಹೇಳ್ರಿ!”

ಹೂವಪ್ಪ ಅವನ ಮುಖ ನೋಡಿದ. ಬ್ಯಾನರು ನೋಡಿದ. ಗಡ್ಡ ಕೆರೆದುಕೊಂಡ. “ಎಲ್ಲೋ ನೋಡಿದಂಗ ಐತಿ... ನಿಮಗೇನರ ಗೊತ್ತಾಗತದೇನ ಅಡಿವೆವ್ವಾರ?”

“ನನ್ನ ಕಣ್ಣು ಮಂದ ಆಗ್ಯಾವಪಾ.”

“ಆಯಿ! ಎಲ್ಲಾರ ಫೋಟೋ ಹಾಕಸ್ತೀನಿ! ಆಡಿಂದೂ!”

“ಅಯ್ಯ, ನಮ್ಮ ಕಳಕೇಶ!” ಎಂದು ಅಡಿವೆವ್ವ ಕೋಲು ಎತ್ತಿ ಜನರನ್ನು ಸರಿಸಿದಳು. “ಬಿಡ್ರೋ ಅವನ್ನ! ಬಂಗಾರದಂಥಾ ಹುಡುಗ!”

ಹೊತ್ತು ಮುಳುಗುವುದರೊಳಗೆ ಹಳೇದು ಇಳಿದು ಹೊಸ ಬ್ಯಾನರು ಏರಿತು. ಓಣಿಯವರ ಜೊತೆಗೆ ಹುಡುಗಿಯನ್ನು ಹುಡುಕಿಕೊಟ್ಟ ಯಮನೂರಸಾಬನಿದ್ದ, ಸೀಟಿ ಊದಿದ ಕಂಡಕ್ಟರ್ ಇದ್ದ, ಬಸ್ಸಿನಿಂದ ಇಳಿದ ಜನರಿದ್ದರು, ಫೋನಿನಲ್ಲಿ ಅತ್ತ ಹೆಂಗಸೂ ಫೋಟೋ ಕಳಿಸಿದ್ದಳು. ಒಟ್ಟು ಮೂವತ್ತೊಂದು ಮುಖ. ಎಲ್ಲರೂ ಚಪ್ಪಾಳೆ ಹೊಡೆದರು. ಆಡಿನ ಎರಡು ಕೊಂಬುಗಳ ನಡುವೆ ಅನ್ನಪೂರ್ಣಾ ಬಹಳ ಹೊತ್ತು ತನ್ನನ್ನು ಹುಡುಕಿ, ಸಿಕ್ಕ ಮೇಲೆ ಕಿಲಕಿಲ ನಕ್ಕಳು. ಆಮೇಲೆ ಮತ್ತೆ ಹುಡುಕತೊಡಗಿದಳು.

“ಅಪ್ಪಾ, ಇದರಾಗ ಎಲ್ಲಾರೂ ಅದಾರ. ನೀ ಎಲ್ಲಿ ಅದಿ?”

ನವಾಜ ನಾಲಿಗೆ ಕಚ್ಚಿಕೊಂಡ.

ಯಮನೂರಸಾಬ ಬ್ಯಾನರನ್ನು ಎಡದಿಂದ ಬಲಕ್ಕೆ, ಮೇಲಿಂದ ಕೆಳಗೆ ಒಮ್ಮೆ ನೋಡಿದ. ಮತ್ತೆ ನಿಧಾನಕ್ಕೆ ಬಂದು ಕಳಕೇಶನ ಕಾಲರು ಹಿಡಿದುಕೊಂಡ.

“ಹೌದಲ್ಲ. ಆಡು ಸೈತ ಐತಿ, ಅಪ್ಪ ಇಲ್ಲ. ಖರೇ ಹೇಳು ತಮ್ಮಾ, ಯಾರು ನೀನು?”