ಕಂಪ್ಯೂಟರಿನ ಬೆನ್ನಿಗೆ ಬೋಗುಣಿ

ಭಾನುವಾರ ಬೆಳಿಗ್ಗೆ ಶಿವರುದ್ರಪ್ಪ ಫೋನಿನಲ್ಲಿ ಒಂದು ಸಣ್ಣ ಸುಳ್ಳು ಹೇಳಿದ. ಪೂರ್ತಿ ಸುಳ್ಳೇನೂ ಅಲ್ಲ.

"ಕಂಪ್ಯೂಟರ್ ಭಾಳ ಕಾಯತದರೀ. ಹದಿನೈದ್ ಮಿನಿಟಿಗೊಮ್ಮೆ ತಾನ ಬಂದ್ ಆಗತದ. ಪಟ್ಟಿ ಎಲ್ಲಾ ಒಳಗ ಸಿಕ್ಕೊಂಡದ."

ಆ ಕಡೆ ಇದ್ದವರು ಬಟ್ಟೆ ವ್ಯಾಪಾರಿ ರಾಮಲಿಂಗಪ್ಪ, ಪುಣೆಯ ಕೋಥರೂಡದ ಕನ್ನಡ ಬಳಗದ ಅಧ್ಯಕ್ಷರು. ಅಂದು ಸಂಜೆ ಏಳಕ್ಕೆ ಬಳಗದ ಸಂಕ್ರಾಂತಿ ಕೂಟ. ನೂರೆಂಬತ್ತು ಕನ್ನಡ ಮನೆಗಳ ಹೆಸರು, ವಿಳಾಸಗಳ ಪಟ್ಟಿಯನ್ನು ಅಲ್ಲಿ ಹಂಚಬೇಕಿತ್ತು. ಅದನ್ನು ಟೈಪ್ ಮಾಡುವ ಹೊಣೆಯನ್ನು ಶಿವರುದ್ರಪ್ಪ ಮೂರು ತಿಂಗಳ ಹಿಂದೆ ತುಂಬಿದ ಸಭೆಯಲ್ಲಿ ಎದ್ದು ನಿಂತು ಹೊತ್ತುಕೊಂಡಿದ್ದ. ಅದಕ್ಕೆಂದೇ ಕಂಪ್ಯೂಟರ್ ಕೊಂಡಿದ್ದ. ಕನ್ನಡದಲ್ಲಿ ಒತ್ತಕ್ಷರ ಜಾಸ್ತಿ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಮೂಡುವುದೇ ಇಲ್ಲ ಎಂದು ಹೆಂಡತಿ ಶೈಲಾಳನ್ನು ನಂಬಿಸಿದ್ದ.

ಇಲ್ಲಿಯವರೆಗೆ ಟೈಪ್ ಆದದ್ದು ಹನ್ನೊಂದು ಹೆಸರು. ಉಳಿದ ಸಂಜೆಗಳೆಲ್ಲ ಬಾಗಿಲು ಹಾಕಿಕೊಂಡು ಕಾರ್ ರೇಸ್ ಆಡುವುದರಲ್ಲಿ ಹೋಗಿದ್ದವು. ನಲವತ್ತೆಂಟು ವರ್ಷದ ಹೆಡ್ ಕ್ಲಾರ್ಕ್ ಇದನ್ನು ನಾಲ್ಕು ಜನರೆದುರು ಒಪ್ಪಿಕೊಳ್ಳುವುದಾದರೂ ಹೇಗೆ? ಕೆಟ್ಟ ಕಂಪ್ಯೂಟರಿನ ನೆಪದಲ್ಲಿ ಪಟ್ಟಿ ಯುಗಾದಿಗೆ ಮುಂದೆ ಹೋದರೆ ಮಾನ ಉಳಿಯುತ್ತದೆ ಎಂದು ಅವನ ಲೆಕ್ಕ.

"ಚಿಂತಿ ಮಾಡಬ್ಯಾಡ್ರಿ," ಎಂದರು ರಾಮಲಿಂಗಪ್ಪ. "ಅವಧೂತರಾವ್‌ಗ ಕರಕೊಂಡ ಬರ್ತೀನಿ."

ಅರ್ಧ ಗಂಟೆಯಲ್ಲಿ ಬಂದೇ ಬಿಟ್ಟರು. ಕೆಳಮಹಡಿಯ ಅವಧೂತರಾವ್ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡು ನಿವೃತ್ತರಾದ ಮರಾಠಿ ಎಂಜಿನಿಯರ್. ಧಾರವಾಡದ ಅಳಿಯ, ಹಾಗಾಗಿ ಕನ್ನಡವೂ ಬರುತ್ತಿತ್ತು. ಕೈಯಲ್ಲಿ ಸ್ಕ್ರೂಡ್ರೈವರ್, ಬಣ್ಣ ಹಚ್ಚುವ ಬ್ರಶ್. ರಾಮಲಿಂಗಪ್ಪನವರ ಕೈಯಲ್ಲಿ ಸೈಕಲ್ ಪಂಪು.

"ಇವತ್ತ್ ಬ್ಯಾಡ್ರಿ, ಹಬ್ಬದ ದಿನಾ ನಿಮಗ ತ್ರಾಸು..." ಎಂದು ಶಿವರುದ್ರಪ್ಪ ಅಡ್ಡ ನಿಂತ. ಅವಧೂತರಾವ್ ಆಗಲೇ ಮೇಜಿನ ಕೆಳಗೆ ನುಸುಳಿ ಕಂಪ್ಯೂಟರ್ ಡಬ್ಬಿಯ ಮಗ್ಗುಲು ಬಿಚ್ಚಿದ್ದರು.

"ಅರೇ ದೇವಾ! ಮುಂದಿನ ಜಾಳಗಿಗೆ ಧೂಳು ಕಂಬಳಿ ಹೊದಿಸಿದಂಗ ಕೂತದ. ತಂಪು ಗಾಳಿ ಒಳಗ ಬರಬೇಕು ಹ್ಯಾಂಗ?"

ರಾಮಲಿಂಗಪ್ಪ ಪಂಪು ಒತ್ತಿದರು. ಮೂರು ತಿಂಗಳ ಧೂಳು ನೇರ ಅವರ ಬಿಳಿ ಜುಬ್ಬಾದ ಮೇಲೆ ಬಂದು ಕೂತಿತು. ಅವಧೂತರಾವ್ ಗಾಳಿಗೆ ಅಡ್ಡ ಬಿದ್ದಿದ್ದ ವೈರುಗಳನ್ನು ಒಟ್ಟುಗೂಡಿಸಿ ಶೈಲಾಳ ರಿಬ್ಬನ್ನಿನಿಂದ ಜಡೆಯಂತೆ ಕಟ್ಟಿದರು. ಆಮೇಲೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೆರಳಿಟ್ಟು, "ಇದ್ಯಾಕ ಇಷ್ಟ ದೊಡ್ಡದು?" ಎಂದರು.

"ಒತ್ತಕ್ಷರಕ್ಕರೀ," ಎಂದಳು ಶೈಲಾ.

ಅವಧೂತರಾವ್ ಶಿವರುದ್ರಪ್ಪನ ಮುಖ ನೋಡಿದರು. ಅವನು ಕಿಟಕಿಯ ಆಚೆ ನೋಡಿದ.

"ಬಿಸಿ ಗಾಳಿ ಹಿಂದಿನಿಂದ ಹೊರಗ ಹೋಗಬೇಕು," ಎನ್ನುತ್ತ ಅವಧೂತರಾವ್ ಡಬ್ಬಿಯ ಹಿಂದೆ ಕೈ ಹಾಕಿ ಬೆಚ್ಚಿಬಿದ್ದರು. ಅಲ್ಲಿ ಟವೆಲ್ ಸುತ್ತಿದ ದೊಡ್ಡ ಬೋಗುಣಿಯೊಂದು ಡಬ್ಬಿಯ ಬೆನ್ನಿಗೆ ಅಂಟಿ ಕೂತಿತ್ತು.

"ಹಗೂರಕ್ ಹಿಡೀರಿ, ಹೆಪ್ಪು ಹಾಕೀನಿ!" ಎಂದು ಶಿವರುದ್ರಪ್ಪನ ತಾಯಿ ಬಸವಣ್ಣೆವ್ವ ಅಡಿಗೆಮನೆಯಿಂದ ಓಡಿ ಬಂದಳು. ಪುಣೆಯ ಚಳಿಗೆ ಮೊಸರು ಹೆಪ್ಪುಗಟ್ಟುವುದಿಲ್ಲ; ದೀಪಾವಳಿಯಿಂದ ಅವಳು ಬೋಗುಣಿ ಇಡುತ್ತಿದ್ದುದು ಅಲ್ಲೇ. ಮೇಜಿನ ಮುಂದೆ ಕೂತವನು ಹಿಂದೆ ಬಗ್ಗಿ ನೋಡಿರಲಿಲ್ಲ. ಈ ಹೊತ್ತಿನ ಬೋಗುಣಿ ಕೂಟದ ನಲವತ್ತು ಜನರ ಊಟಕ್ಕೆ.

ಬೋಗುಣಿ ಸರಿಸಿದರು. ಕಂಪ್ಯೂಟರ್ ಚಾಲೂ ಆಯಿತು. ಹದಿನೈದು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಬಂದ್ ಆಗಲಿಲ್ಲ.

"ತಗೀರಿ ಪಟ್ಟಿ," ಎಂದರು ರಾಮಲಿಂಗಪ್ಪ.

ಹನ್ನೊಂದು ಹೆಸರು ತೆರೆದುಕೊಂಡವು.

"ಉಳಿದದ್ದು... ಕಾವಿಗೆ ಅಳಿಸಿ ಹೋಗೇದರೀ."

"ಕಾವಿಗೆ ಹೆಸರು ಅಳಿಸೂದಿಲ್ಲ," ಎಂದರು ಅವಧೂತರಾವ್. "ಬರೇ ಹೆಸರು ಟೈಪ್ ಮಾಡಿದ್ರ ಇದು ಬೆಚ್ಚಗೂ ಆಗೂದಿಲ್ಲ. ಇಷ್ಟು ಕಾದದ ಅಂದ್ರ ಆಟಾನ ಆಡಿರಬೇಕು."

ಬಸವಣ್ಣೆವ್ವನಿಗೆ ಸಿಟ್ಟು ಬಂತು. "ನನ್ನ ಮಗಾ ಆಟ ಆಡ್ತಾನ? ದಿನಾ ಏಳರಿಂದ ಒಂಬತ್ತರ ತನಕ ಕೆಲಸಾ ಮಾಡ್ತಾನ್ರೀ! ಬೇಕಾದ್ರ ನಮ್ಮ ಮಸರು ನೋಡ್ರಿ. ಚಾಕುಲೆ ಕೊಯ್ಯಬೇಕು, ಹಂಗ ಗಟ್ಟಿ ಆಗತದ. ದೀಪಾವಳಿಯಿಂದ ಒಂದ್ ದಿನಾ ತಪ್ಪಿಲ್ಲ."

ತಾಯಿ ಅವನ ಪರವಾಗಿ ನುಡಿದ ಸಾಕ್ಷಿಯೇ ಅವನನ್ನು ಮುಗಿಸಿತ್ತು. ಶೈಲಾ ಒಮ್ಮೆ ಕಾರ್ಡನ್ನು, ಒಮ್ಮೆ ಗಂಡನನ್ನು ನೋಡಿ ಒಳಗೆ ಹೋದಳು. ಶಿವರುದ್ರಪ್ಪನಿಗೆ ಮೇಜಿನ ಕೆಳಗೇ ಸೇರಿಕೊಳ್ಳುವಷ್ಟು ನಾಚಿಕೆಯಾಯಿತು.

"ತಪ್ಪಾಗೇದರೀ," ಎಂದ ತಲೆ ತಗ್ಗಿಸಿ. "ಈಗ ಕೂಡ್ತೀನಿ. ಏಳರೊಳಗ ಮುಗಿಸೇ ಏಳ್ತೀನಿ."

ನಿಜಕ್ಕೂ ಕೂತ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಒಟ್ಟು ಎಪ್ಪತ್ತು ಹೆಸರಾದವು. ಗಾಳಿ ಮುಂದಿನಿಂದ ಬಂದು ಹಿಂದಿನಿಂದ ಹೋಗುತ್ತಿತ್ತು, ಡಬ್ಬಿ ತಣ್ಣಗಿತ್ತು. ಇದೇ ವೇಗದಲ್ಲಿ ಹೋದರೆ ಹೋದ ಮಾನ ಸಂಜೆಯೊಳಗೆ ಅರ್ಧವಾದರೂ ಮರಳೀತು ಎಂದು ಅವನಿಗೆ ಅನ್ನಿಸಿತು.

ಆಗ ಬಸವಣ್ಣೆವ್ವ ಬೋಗುಣಿಯ ಮುಚ್ಚಳ ತೆಗೆದಳು. "ಅಯ್ಯ ಶಿವನ! ಹಾಲು ಹಾಲಿದ್ದಂಗ ಅದ!"

ರಾಮಲಿಂಗಪ್ಪ ಬಗ್ಗಿ ನೋಡಿದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಕೂಟಕ್ಕೆ ತಯಾರಿತ್ತು. "ಅಂಗಡಿಂದ ತರಸೂಣೇನು?"

"ಅಂಗಡಿ ಮಸರು ತಂದ್ರ ನಾ ಕೂಟಕ್ಕ ಬರೂದಿಲ್ಲ."

ಅಧ್ಯಕ್ಷರು ಪಟ್ಟಿಯನ್ನು ನೋಡಿದರು, ಬೋಗುಣಿಯನ್ನು ನೋಡಿದರು. "ಪಟ್ಟಿ ಯುಗಾದಿಗೆ ಆದೀತು, ಊಟ ಇವತ್ತದ. ಶಿವರುದ್ರಪ್ಪ, ಟೈಪ್ ಬಿಡ್ರಿ. ಆಟ ಹಚ್ಚರಿ."

"ಬ್ಯಾಡ್ರಿ! ಕೈ ಮುಗೀತೀನಿ, ನೂರಾ ಹತ್ತ ಹೆಸರು ಉಳದಾವ, ಮುಗಸ್ತೀನಿ..."

"ಹೆಸರಿಂದ ಕಾವು ಬರೂದಿಲ್ಲ," ಎಂದು ಅವಧೂತರಾವ್ ತಾವೇ ಬೋಗುಣಿಯನ್ನು ಡಬ್ಬಿಯ ಬೆನ್ನಿಗೆ ಒತ್ತಿ ಟವೆಲ್ ಬಿಗಿದರು.

ಸಂಜೆ ಆರರವರೆಗೆ ಶಿವರುದ್ರಪ್ಪ ಆಡಿದ. ಬಾಗಿಲು ತೆರೆದಿತ್ತು. ಕೂಟಕ್ಕೆ ಹೊರಟವರೆಲ್ಲ ಇಣುಕಿ ಹೋದರು. ತಾಯಿ ನಡುನಡುವೆ ಬೋಗುಣಿ ಮುಟ್ಟಿ, "ಇನ್ನಷ್ಟ್ ಜೋರ್ ಓಡಸೋ," ಎನ್ನುತ್ತಿದ್ದಳು. ರೇಸಿನ ಕೊನೆಯ ಗೆರೆ ಇನ್ನೇನು ದಾಟಬೇಕು ಎನ್ನುವಾಗ ಪ್ರತಿ ಸಲ ಕಂಪ್ಯೂಟರ್ ಕಾದು ಬಂದ್ ಆಗುತ್ತಿತ್ತು. ಒಂದು ರೇಸನ್ನೂ ಅವನು ಮುಗಿಸಲಿಲ್ಲ.

ಕೂಟದಲ್ಲಿ ಮೊಸರಿಗೆ ಎಲ್ಲಿಲ್ಲದ ಹೊಗಳಿಕೆ. "ಪಟ್ಟಿ ಯಾಕ ಬರಲಿಲ್ಲ" ಎಂದು ಕೇಳಿದವರಿಗೆಲ್ಲ ರಾಮಲಿಂಗಪ್ಪ ಮೊಸರಿನ ಕಥೆಯನ್ನೇ ಹೇಳಿದರು. ಶಿವರುದ್ರಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾಳೆಯಿಂದ ಬೋಗುಣಿ ಎತ್ತಿಟ್ಟು, ಆಟ ಅಳಿಸಿ, ಬರೀ ಹೆಸರು ಟೈಪ್ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದ.

ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಹರಿಣಾಕ್ಷಿ ಬಸವಣ್ಣೆವ್ವನ ಪಕ್ಕಕ್ಕೆ ಬಂದು ಕೂತರು. "ಬರೂ ಗುರುವಾರ ನಮ್ಮ ಮಗಳ ಸೀಮಂತ ಅದರೀ. ಇದರ ಎರಡರಷ್ಟು ಮಸರು ಆದೀತೇನು?"

ಬಸವಣ್ಣೆವ್ವ ಮಗನ ಕಡೆ ಹೆಮ್ಮೆಯಿಂದ ನೋಡಿದಳು.

"ಆಗತದ ತಗೋರಿ. ರಜಾ ಹಾಕಿ ಆಡ್ತಾನ."